ಗಂಟು ಬಿದ್ದ ಬೇರು

ಫೋನಿನಲ್ಲಿ ತಮ್ಮ ನಗುತ್ತಲೇ ಹೇಳಿದ್ದ: "ಅಕ್ಕಾ, ನಿನ್ನ ಗಿಡಗಳು ಮಧ್ಯಾಹ್ನ ಆದ್ರೆ ತಲೆ ತಗ್ಗಿಸ್ತಿವೆ. ಹೊಸ ಮದುಮಗಳ ಥರ."

ನಿನ್ನ ಗಿಡಗಳು ಅಂದರೆ, ಅವಳು ತಳಿ ಸಂಶೋಧನಾ ಕೇಂದ್ರದಲ್ಲಿ ಅರ್ಧ ಆಯಸ್ಸು ಸವೆಸಿ ರೂಪಿಸಿದ ಟೊಮೆಟೊ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಅದರ ತಂಟೆಗೆ ಬರುತ್ತಿರಲಿಲ್ಲ. ಕಾಡು ಟೊಮೆಟೊದಿಂದ ತಂದ ಒಂದೇ ಒಂದು ಜೀನು ಅದಕ್ಕೆ ಕಾವಲು. ಹುಳು ಬೇರಿಗೆ ಬಾಯಿ ಹಾಕಿದ ಕೂಡಲೇ ಗಿಡ ಗುರುತು ಹಿಡಿದು, ಸುತ್ತಲಿನ ಜೀವಕೋಶಗಳನ್ನು ತಾನೇ ಸಾಯಿಸಿ, ಹುಳುವನ್ನು ಉಪವಾಸ ಕೆಡವುತ್ತಿತ್ತು.

ತಮ್ಮನ ತೋಟದ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯೊಳಗೆ ಮಂಡಿಯೂರಿ ಅವಳು ಒಂದು ಗಿಡ ಕಿತ್ತಳು. ಬೇರಿನ ತುಂಬ ಗಂಟು, ಶುಂಠಿಯ ಹಾಗೆ. ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ.

"ಸೆಖೆಗಿರಬಹುದು," ಎಂದಳು. "ಮಣ್ಣು ಕಾದ್ರೆ ಕಾವಲು ಮಂಪರಿಗೆ ಬೀಳುತ್ತೆ."

ಲ್ಯಾಬಿನ ತಂಪು ಕೋಣೆಯಲ್ಲಿ ಅದೇ ತಳಿಯ ಹೊಸ ಸಸಿಗಳಿಗೆ ತಮ್ಮನ ತೋಟದ ಮಣ್ಣಿನ ಹುಳುಗಳನ್ನು ಬಿಟ್ಟಳು. ಕೆಲವು ವಾರ ಕಳೆದು ಬೇರು ತೊಳೆದರೆ ಅಲ್ಲೂ ಗಂಟು. ಇನ್ನು ಸೆಖೆಯ ಮೇಲೆ ಗೂಬೆ ಕೂರಿಸುವಂತಿರಲಿಲ್ಲ. ಕೈ ತೊಳೆದು, ಡಬ್ಬಿ ಬಿಚ್ಚಿ ಊಟ ಮಾಡಿದಳು. ಏನು ತಿಂದೆನೆಂದು ಗೊತ್ತಾಗಲಿಲ್ಲ. ಆಮೇಲೆ ನಿರ್ದೇಶಕರ ಬಳಿ ಹೋಗಿ, ಈ ಬೀಜ ಹಂಚುವುದನ್ನು ನಿಲ್ಲಿಸಿ ಎಂದಳು.

"ನೀವೇ ಹೇಳ್ತಿದ್ದೀರಾ?"

"ನಾನೇ ಸರ್."

ರಜೆಯ ದಿನ ತೋಟಕ್ಕೆ ಹೋಗಿ ತಮ್ಮನಿಗೆ ವಿವರಿಸಿದಳು. "ಲಕ್ಷಾಂತರ ಹುಳುಗಳಲ್ಲಿ ಗಿಡಕ್ಕೆ ಗುರುತೇ ಸಿಗದಂಥವು ಎಲ್ಲೋ ಒಂದೆರಡು ಇರ್ತವೆ ಕಣೋ. ಮಿಕ್ಕವು ಸಾಯ್ತವೆ, ಇವು ಮೊಟ್ಟೆ ಇಡ್ತವೆ. ಪ್ರತಿ ಸಲವೂ ಇದೇ ತಳಿ ಹಾಕಿದ್ರೆ ಕೊನೆಗೆ ಮಣ್ಣಲ್ಲೆಲ್ಲ ಇವುಗಳದ್ದೇ ದರ್ಬಾರು. ನಡುವೆ ಬೇರೆ ಬೆಳೆ ಹಾಕು ಅಂದಿದ್ದೆನಲ್ಲ?"

"ಅಂದಿದ್ದೆ." ಅವನು ನೆಲ ನೋಡಿದ. "ನಮ್ಮಕ್ಕ ಮಾಡಿದ್ದು ಇರುವಾಗ ಬೇರೆಯದ್ಯಾಕೆ ಅಂತ ಇದನ್ನೇ ಹಾಕ್ತಾ ಬಂದೆ. ಕೊಳ್ಳೋಕೆ ಬಂದೋರಿಗೆಲ್ಲ ಹೇಳ್ಕೋತಿದ್ದೆ."

ಅವಳಿಗೆ ಬೈಯಬೇಕೆನಿಸಲಿಲ್ಲ. ತಲೆ ಸವರಬೇಕೆಂದೂ ಅನಿಸಲಿಲ್ಲ. ತಮ್ಮನ ಹೆಂಡತಿ ಗೋಣಿಚೀಲ ತಂದಳು. ಒಂದು ಬೇರೂ ಮಣ್ಣಲ್ಲಿ ಉಳಿಯಬಾರದು, ಎಲ್ಲವನ್ನೂ ಸುಡಬೇಕು. ಮೂವರೂ ಗಿಡ ಕೀಳತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ ತಮ್ಮ ಸೊಂಟ ನೆಟ್ಟಗೆ ಮಾಡಿದ. "ಅಕ್ಕಾ, ಒಂದ್ಸಲ ಅತ್ತುಬಿಡು. ಹಗುರಾಗುತ್ತೆ."

"ಬರ್ತಿಲ್ಲ ಕಣೋ."

ಅವನು ಅವಳ ಮುಖವನ್ನೇ ನೋಡಿದ. "ಸರಿ ಹಾಗಾದ್ರೆ, ಆ ಕೊನೇ ಸಾಲು ಹಿಡಿ. ಅಲ್ಲಿ ನೆರಳಿದೆ."

ಅವಳು ಆ ಸಾಲಿಗೆ ಹೋದಳು.