ಅಳಿಯ ಆರಿಸಿದ ಜೋಡಿನಳಿಗೆ

ಫರಾಮರ್ಜ್‌ಗೆ ಈ ಭೂಮಿಯ ಮೇಲೆ ಮೆಚ್ಚುಗೆಯಾದ ವಸ್ತು ಒಂದೇ ಒಂದಿತ್ತು, ಅವನ ಕೋವಿ. ಎರಡನೆಯದನ್ನು ತೋರಿಸು ಎಂದಿದ್ದರೆ ಬಹುಶಃ ಅದರ ಇನ್ನೊಂದು ನಳಿಗೆಯನ್ನು ತೋರಿಸುತ್ತಿದ್ದ. ಉಳಿದಂತೆ ಅನ್ಜಲಿ ಹಿನ್ನೀರಿನ ಬೇಟೆಗಾರರೆಲ್ಲ ಅವನ ಪಾಲಿಗೆ ಕೈಲಾಗದವರು, ತೆಹರಾನಿನಿಂದ ಬರುವವರು ಅವರಿಗಿಂತ ಕಡೆ, ತೋಟೆ ಮಾರುವವರು ಕಳ್ಳರು, ಬಾತುಗಳು ಕೂಡ ಮೊದಲಿನಷ್ಟು ಮರ್ಯಾದಸ್ಥ ಬಾತುಗಳಲ್ಲ. ನಾನು ಸಫರ್. ಇಪ್ಪತ್ತೆಂಟು ಚಳಿಗಾಲ ಅವನ ದೋಣಿ ನಡೆಸಿದವನು. ನನಗೆ ಅವನಿಟ್ಟಿದ್ದ ಹೆಸರು ಹುಟ್ಟು. "ಏ ಹುಟ್ಟು, ಎಡಕ್ಕೆ ತಿರುಗು" ಎನ್ನುತ್ತಿದ್ದ.

ನಾನೇನು ಸಾಧುವಲ್ಲ. ಅವನನ್ನು ಕಂಡರೆ ನನಗೂ ತಿರಸ್ಕಾರವೇ. ಹಿಂದಿನ ಎರಡು ಚಳಿಗಾಲದಲ್ಲಿ ಅವನು ಹೊಡೆದದ್ದಕ್ಕಿಂತ ಗುರಿ ತಪ್ಪಿದ್ದೇ ಹೆಚ್ಚು. ಅವನ ಪ್ರಕಾರ ಒಂದು ಸಲ ತೋಟೆಯಲ್ಲಿ ತೇವ, ಒಂದು ಸಲ ಗಾಳಿ, ಮಿಕ್ಕ ಸಲವೆಲ್ಲ ನಾನು ದೋಣಿ ಅಲುಗಿಸಿದ್ದು. ಅವನ ಕಣ್ಣಿಗೆ ಪೊರೆ ಬಂದಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ಸಂಜೆ ಚಹಾದಂಗಡಿಯಲ್ಲಿ ಅವನು ನೀರಿಗೆ ಹೊಡೆದ ಗುಂಡುಗಳ ಲೆಕ್ಕ ಒಪ್ಪಿಸಿ ನಾಲ್ಕು ಜನರನ್ನು ನಗಿಸುವುದು ನನಗೆ ಹೆಚ್ಚು ರುಚಿಸಿತ್ತು.

ಅವನ ಅಳಿಯ ನರಿಮಾನ್ ಬೇಕರಿಯವನು. ಅಕ್ರೋಟು ತುಂಬಿದ ಕುಲೂಚೆ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಎತ್ತರದ, ಮಾತು ಕಡಿಮೆಯ ಆಳು. ಮಗಳು ಮೆಹ್ರಂಗಿಜ್ ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ ಫರಾಮರ್ಜ್ ಮೂರು ದಿನ ಉಂಡಿರಲಿಲ್ಲ. ನಾಲ್ಕನೆಯ ದಿನ ಅದೇ ಅಳಿಯನ ಕುಲೂಚೆ ತಿಂದು "ಸಕ್ಕರೆ ಜಾಸ್ತಿ" ಎಂದ.

ಆ ವರ್ಷ ಸೆಕೆ ಇನ್ನೂ ಇಳಿದಿರಲಿಲ್ಲ, ನರಿಮಾನ್ ಮಾವನ ಅಂಗಳಕ್ಕೆ ಬಂದು ನಿಂತ. ನಾನೂ ಅಲ್ಲೇ ದೋಣಿಗೆ ಡಾಂಬರು ಬಳಿಯುತ್ತಿದ್ದೆ.

"ಮಾವ, ಪರವಾನಗಿ ಬಂತು. ಒಂದು ಜೋಡಿನಳಿಗೆ ತಗೋಬೇಕು ಅಂತಿದೀನಿ, ಬಾತು ಬೇಟೆಗೆ. ರಷ್ತ್‌ಗೆ ಹೋಗೋಣ, ನೀವು ನೋಡಿ ಆರಿಸಿಕೊಡಿ."

"ನೀನಾ? ಬೇಟೆಗಾ?" ಫರಾಮರ್ಜ್ ನನ್ನ ಕಡೆ ತಿರುಗಿದ. "ಕೇಳಿದ್ಯೇನೋ ಹುಟ್ಟು? ಹಿಟ್ಟು ನಾದೋನು ಬಾತು ಹೊಡೀತಾನಂತೆ. ಹಾರೋ ಬಾತಿಗೆ ಎಳ್ಳು ಉದುರಿಸ್ತೀಯೇನೋ?"

"ಕಲೀತೀನಿ ಮಾವ."

"ಎಷ್ಟಿಟ್ಟಿದೀಯ?"

ನರಿಮಾನ್ ಹೇಳಿದ. ಬೇಕರಿಯ ಮೂರು ತಿಂಗಳ ಗಳಿಕೆ. ಫರಾಮರ್ಜ್ ನೆಲಕ್ಕೆ ಉಗುಳಿದ. "ಅಷ್ಟಕ್ಕೆ ಕೋವಿ ಬರಲ್ಲ, ಕೋವಿ ಇಡೋ ಚೀಲ ಬರತ್ತೆ." ಆದರೂ ಹೊರಟ. ಅಂಗಡಿಗೆ ಹೋಗಿ ಇನ್ನೊಬ್ಬರ ಸರಕನ್ನು ಬೈಯುವ ಅವಕಾಶ ಅವನು ಎಂದೂ ಬಿಟ್ಟವನಲ್ಲ. ಬೈಗುಳ ಕೇಳಿಸಿಕೊಳ್ಳಲು ಒಬ್ಬ ಬೇಕಲ್ಲ, ನನ್ನನ್ನೂ ಎಳೆದುಕೊಂಡ.

ರಷ್ತ್‌ನಲ್ಲಿ ಕೋವಿ ಮಾರುವ ಆರ್ಶಾವಿರ್ ಅರ್ಮೇನಿಯದವರ ಪೈಕಿ. ಬೋಳು ತಲೆ, ಎಣ್ಣೆ ಮೆತ್ತಿದ ಬೆರಳುಗಳು, ಯಾರ ಮೇಲೂ ಭರವಸೆ ಇಲ್ಲದವನ ಮುಖ. ನರಿಮಾನ್ ಒಂದು ದೊಡ್ಡ ಬಟ್ಟೆಗಂಟು ಹೊತ್ತು ಒಳಗೆ ಬಂದದ್ದನ್ನು ನೋಡಿ, "ಏನು, ಇಲ್ಲೇ ಮಲಗೋಕೆ ಬಂದ್ರಾ?" ಎಂದ. ಫರಾಮರ್ಜ್‌ನನ್ನು ಕಂಡು ಆ ಮುಖ ಇನ್ನೂ ಬಾಡಿತು. "ಬನ್ನಿ ಫರಾಮರ್ಜ್ ಸಾಹೇಬ್ರೇ. ಹೋದ ಸಲ ಬಂದಾಗ ಒಬ್ಬ ಗಿರಾಕಿ ಓಡಿಸಿದ್ರಿ. ಇವತ್ತು ಯಾರನ್ನ?"

"ಇವತ್ತು ಗಿರಾಕೀನ ನಾನೇ ತಂದಿದೀನಿ. ಹಣ ಕಮ್ಮಿ, ಬುದ್ಧಿ ಅದಕ್ಕಿಂತ ಕಮ್ಮಿ. ತೆಗಿ ನಿನ್ನ ಕಸ."

ಆರ್ಶಾವಿರ್ ಮೇಜಿನ ಮೇಲೆ ಕಂಬಳಿ ಹಾಸಿ ಒಂದೊಂದನ್ನೇ ಇಟ್ಟ. ಮೊದಲನೆಯದು ನಳಿಗೆಗಳು ಒಂದರ ಮೇಲೊಂದು ಇರುವ ಹೊಸ ಕೋವಿ. "ಬೇಡ" ಎಂದ ಫರಾಮರ್ಜ್. "ತೋಟೆ ತುಂಬೋಕೆ ಅಷ್ಟು ಅಗಲ ಬಾಯಿ ತೆರೀಬೇಕು. ಇಕ್ಕಟ್ಟಿನ ದೋಣೀಲಿ ಈ ಹುಟ್ಟಿನ ಮೂಗಿಗೇ ಬಡಿಯತ್ತೆ." ಎರಡನೆಯದು ಸಣ್ಣ ಬಾಯಿಯದು, ಕಡ್ಡಿಯಷ್ಟು ಹಗುರ. "ಇದರಲ್ಲಿ ನೊಣ ಹೊಡಿ." ಮೂರನೆಯದರ ಉಕ್ಕಿನ ಮೇಲೆಲ್ಲ ಕೆತ್ತನೆ, ಹಾರುತ್ತಿರುವ ಬಾತುಗಳು, ಅವಕ್ಕೆ ಹಳದಿ ಬಣ್ಣ. ಬೆಲೆಯೂ ನರಿಮಾನನ ಕೈಗೆಟುಕುವ ಗೆರೆಗೆ ಸ್ವಲ್ಪ ಮೇಲೆ. ಇದನ್ನು ಫರಾಮರ್ಜ್ ಕೈಗೆತ್ತಿಕೊಂಡ, ಭುಜಕ್ಕಿಟ್ಟ, ಬೈಯಲಿಲ್ಲ. ನಳಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ.

"ಕನ್ನಡಿ" ಎಂದ. "ಎರಡೂ ನಳಿಗೆ ಕನ್ನಡಿ ಥರ ಇದೆ. ಸಾಲ ಮಾಡು, ಇದನ್ನ ತಗೋ."

ಆರ್ಶಾವಿರ್ ಬಾಯಿ ತೆರೆದವನು ಹಾಗೆಯೇ ನಿಂತ. ಮೇಜಿನ ಈಚೆಯಿಂದಲೇ ನನಗೆ ಕಾಣುತ್ತಿತ್ತು. ತುಕ್ಕು ಹಿಡಿಯದಿರಲೆಂದು ಅವನು ತುರುಕಿಟ್ಟಿದ್ದ ಎಣ್ಣೆಬಟ್ಟೆಯ ಉಂಡೆ ಎಡ ನಳಿಗೆಯಲ್ಲಿ ಇನ್ನೂ ಇತ್ತು. ಅದರೊಳಗಿಂದ ಬೆಳಕಿನ ಒಂದು ಎಳೆಯೂ ಬರುವ ಹಾಗಿರಲಿಲ್ಲ.

ಎರಡು ವರ್ಷದಿಂದ ನಾನು ಕಾದಿದ್ದ ಗಳಿಗೆ ಅದು. ನಾಲಿಗೆ ತುದಿಯವರೆಗೂ ಮಾತು ಬಂತು. ಅಷ್ಟರಲ್ಲಿ ನರಿಮಾನ್ ನಳಿಗೆಗಳನ್ನು ಮಾವನ ಕೈಯಿಂದ ತೆಗೆದುಕೊಂಡು, ಆಚೆ ತಿರುಗಿ, ಎರಡು ಬೆರಳಿನಿಂದ ಬಟ್ಟೆ ಎಳೆದು ಜೇಬಿಗೆ ಹಾಕಿಕೊಂಡ. ಆಮೇಲೆ ಒಳಗೆ ನೋಡಿದ.

"ಹೌದು ಮಾವ, ಕನ್ನಡೀನೇ. ಆದ್ರೆ ನನ್ನ ಕೈಗೆ ಮೀರಿದ್ದು."

ಆರ್ಶಾವಿರ್ ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ.

ನಾಲ್ಕನೆಯದನ್ನು ಆರ್ಶಾವಿರ್ ತಾನಾಗಿ ತೆಗೆಯಲಿಲ್ಲ. ಮೂಲೆಯಲ್ಲಿ ನಿಲ್ಲಿಸಿದ್ದನ್ನು ನರಿಮಾನನೇ ತೋರಿಸಿದ. ರಷ್ಯದ ಹಳೆಯ ಕೋವಿ, ಹನ್ನೆರಡು ಬೋರಿನದು, ಪಕ್ಕಪಕ್ಕದ ನಳಿಗೆ, ಎರಡಕ್ಕೂ ಬೇರೆ ಬೇರೆ ಕುದುರೆ. ಮರವೆಲ್ಲ ಗೀರು. ಭುಜಕ್ಕೆ ಒರಗುವ ಬುಡವನ್ನು ಹಿಂದಿನ ಯಾರೋ ಎರಡು ಬೆರಳಿನಷ್ಟು ಗರಗಸದಿಂದ ಕತ್ತರಿಸಿದ್ದರು.

ಫರಾಮರ್ಜ್ ಅದನ್ನು ಮುಟ್ಟಿ ಕೈ ಒರೆಸಿಕೊಂಡ. "ಇದು ಕೋವೀನಾ? ಇದರಲ್ಲಿ ಎಷ್ಟು ಜನ ಮೊಳೆ ಹೊಡೆದಿದಾರೋ!"

ನರಿಮಾನ್ ನಳಿಗೆಗಳ ಕೆಳಗಿನ ಹಿಡಿಕೆ ತೆಗೆದು, ಕೋವಿ ಮುಚ್ಚಿಕೊಂಡೇ ಇರುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಡಗಡ ಎನ್ನಲಿಲ್ಲ. ನಳಿಗೆಗಳನ್ನು ಬಿಚ್ಚಿ, ಕೆಳಗಿನ ಕೊಕ್ಕೆಯನ್ನು ಕಿರುಬೆರಳಿಗೆ ಸಿಕ್ಕಿಸಿ ತೂಗುಬಿಟ್ಟು, ಬೆರಳಗಂಟಿನಿಂದ ಮೆಲ್ಲನೆ ಬಡಿದ. ಗಂಟೆಯ ಹಾಗೆ ತೆಳ್ಳಗೆ ನಾದ ಬಂತು, ಬಹಳ ಹೊತ್ತು ನಿಂತಿತು. ಅದೇ ರೀತಿ ಕೆತ್ತನೆಯ ಕೋವಿಯ ನಳಿಗೆಗಳನ್ನೂ ಬಡಿದು ನೋಡಿದ. ಒಡೆದ ಮಡಕೆ ಬಡಿದಂತೆ ಸದ್ದು. ನಡುವಿನ ಬೆಸುಗೆ ಎಲ್ಲೋ ಬಿಟ್ಟಿತ್ತು. ಆರ್ಶಾವಿರ್ ಕೆಮ್ಮಿದ.

"ಇದನ್ನೆಲ್ಲ ಯಾರೋ ಹೇಳಿಕೊಟ್ಟೋರು ನಿಂಗೆ?" ಎಂದ ಫರಾಮರ್ಜ್.

"ನೀವೇ. ನಮ್ಮ ಮದುವೆ ಊಟದಲ್ಲಿ ಎರಡು ಗಂಟೆ ಹೇಳಿದ್ರಿ. ಮಿಕ್ಕೋರೆಲ್ಲ ಎದ್ದು ಹೋದ್ರು."

"ಕಿವಿಯಲ್ಲಿ ಕೇಳಿದ್ದು ಕೈಗೆ ಬರತ್ತೇನೋ? ಬುಡ ನೋಡು, ಮೋಟು. ನೀನು ನೋಡಿದ್ರೆ ಮಿನಾರು."

ಆಗ ನರಿಮಾನ್ ಗಂಟು ಬಿಚ್ಚಿದ. ಒಳಗಿದ್ದದ್ದು ಅವನ ಚಳಿಗಾಲದ ಕೋಟು, ಹತ್ತಿ ತುಂಬಿದ್ದು, ಹಾಸಿಗೆಯಷ್ಟು ದಪ್ಪ. ಅದರೊಳಗೆ ಕುರಿಯುಣ್ಣೆಯ ಅಂಗಿಯೂ ಇತ್ತು. ಆ ಸೆಕೆಯಲ್ಲಿ, ಬೀಸಣಿಗೆ ತಿರುಗುವ ಅಂಗಡಿಯಲ್ಲಿ, ಎರಡನ್ನೂ ತೊಟ್ಟು ಗುಂಡಿ ಹಾಕಿಕೊಂಡ. ನಾವು ಮೂವರೂ ನಕ್ಕೆವು. ಆರ್ಶಾವಿರ್ ಕಣ್ಣೀರು ಒರೆಸಿಕೊಂಡ. ಫರಾಮರ್ಜ್ ಅಂತೂ ಬಾಗಿಲಿಗೆ ಹೋಗಿ ಎದುರಿನ ಮೀನಿನವನನ್ನೇ ಕರೆದ: "ಬಾರಯ್ಯಾ, ಮದುಮಗನ್ನ ನೋಡು!"

ನರಿಮಾನ್ ಬೆವರು ಸುರಿಸುತ್ತ, ಮೊದಲು ಕೆತ್ತನೆಯ, ಉದ್ದ ಬುಡದ ಕೋವಿಯನ್ನು ಎತ್ತಿದ. ಅದು ಕೋಟಿನ ಕಂಕುಳಿಗೆ ಸಿಕ್ಕಿಕೊಂಡಿತು. ಆಮೇಲೆ ಮೋಟು ಬುಡದ್ದನ್ನು ಎತ್ತಿದ. ಅದು ಸಲೀಸಾಗಿ ಮೇಲೆ ಬಂದು ಕೆನ್ನೆಗೆ ಕೂತಿತು. ಮತ್ತೆ ಎತ್ತಿದ, ಮತ್ತೆ ಕೂತಿತು. ಹತ್ತು ಸಲ ಎತ್ತಿ ಇಳಿಸಿದ.

"ಬಾತು ಬರೋದು ಚಳೀಲಿ ಅಲ್ವಾ ಮಾವ" ಎಂದ. "ಇದನ್ನೇ ತಗೋತೀನಿ. ಹಣ ಮಿಕ್ಕತ್ತೆ, ತೋಟೆ ತಗೋಬಹುದು."

ಆರ್ಶಾವಿರ್ ನಗು ನಿಲ್ಲಿಸಿದ. ನಲವತ್ತು ವರ್ಷದ ವ್ಯಾಪಾರದಲ್ಲಿ ಹೀಗೆ ಕೋಟು ಹೊತ್ತು ತಂದ ಗಿರಾಕಿಯನ್ನು ನೋಡಿಲ್ಲ ಎಂದು ಹೇಳಿ, ಚಹಾ ತರಿಸಿದ. ಫರಾಮರ್ಜ್ ಚಹಾ ಕುಡಿಯುತ್ತ ಮೀನಿನವನ ಮೀನು ಬೈದ.

ಮುಂದಿನ ವಾರಗಳಲ್ಲಿ ನರಿಮಾನ್ ಹಿಟ್ಟಿನ ಚೀಲದ ಕಂದು ಕಾಗದವನ್ನು ದಡದ ಗೂಟಗಳಿಗೆ ಕಟ್ಟಿ, ಮೂವತ್ತೈದು ಹೆಜ್ಜೆಯಿಂದ ಒಂದೊಂದೇ ನಳಿಗೆ ಹೊಡೆದು ನೋಡಿದ. ಎರಡೂ ಒಂದೇ ಕಡೆಗೆ ಬೀಳುತ್ತಿದ್ದವು. ಮಾವ ಕುರ್ಚಿ ಹಾಕಿಸಿಕೊಂಡು ಕೂತು, "ಕಾಗದಕ್ಕೆ ರೆಕ್ಕೆ ಬಂದ ಮೇಲೆ ನನ್ನ ಕರಿ" ಎನ್ನುತ್ತಿದ್ದ.

ಚಳಿ ಬಂತು, ಬಾತು ಬಂದವು. ಒಂದು ಬೆಳಗ್ಗೆ ನಾವು ಮೂವರೂ ದೋಣಿ ಇಳಿಸಿದೆವು. ಹಿನ್ನೀರಿನ ಮೇಲೆ ಮಂಜು ಬಿಳಿ ಗೋಡೆಯ ಹಾಗೆ ನಿಂತಿತ್ತು. ಜೊಂಡಿನ ಮರೆಯಲ್ಲಿ ದೋಣಿ ನಿಲ್ಲಿಸಿ ಕಾದೆವು. ಮುಂದೆ ಫರಾಮರ್ಜ್ ತನ್ನ ಕೋವಿ ಹಿಡಿದು ಕೂತಿದ್ದ, ನಡುವೆ ನರಿಮಾನ್, ಹಿಂದೆ ನಾನು.

ಬೆಳಕು ಸ್ವಲ್ಪ ಹರಿದಾಗ ಎದುರಿಗೆ ನೀರಿನ ಮೇಲೆ ಏನೋ ಕಪ್ಪಗೆ, ತಗ್ಗಾಗಿ ಕದಲಿತು.

"ಹೆಬ್ಬಾತು" ಎಂದು ಪಿಸುಗುಟ್ಟಿದ ಫರಾಮರ್ಜ್. "ಮೂರಿವೆ. ಉಸಿರು ಬಿಡಬೇಡಿ."

ನಾನು ನೋಡಿದೆ. ಜೊಂಡು ಕೊಯ್ಯುವವನೊಬ್ಬ ಗೋಣಿ ಹೊದ್ದು ತನ್ನ ದೋಣಿಯಲ್ಲಿ ಬಗ್ಗಿದ್ದ. ತಲೆಯ ಮೇಲೆ ಉಣ್ಣೆಯ ಟೋಪಿ. ಅವನ ಕುಡುಗೋಲು ಕೂಡ ನನಗೆ ಕಂಡಿತು. ನಾನು ಕೂಗುವಷ್ಟರಲ್ಲಿ ಕೋವಿ ಮೇಲೆದ್ದಿತು. ನರಿಮಾನ್ ಮುಂದಕ್ಕೆ ಬಿದ್ದು ಮಾವನ ನಳಿಗೆಗಳನ್ನು ಅಂಗೈಯಿಂದ ಆಕಾಶಕ್ಕೆ ತಳ್ಳಿದ. ಎರಡೂ ಗುಂಡು ಹಾರಿದವು. ದೋಣಿ ಹೊಯ್ದಾಡಿ ನೀರು ಒಳಗೆ ನುಗ್ಗಿತು.

"ಯಾವನೋ ಅವನು!" ಮಂಜಿನಿಂದ ಕಿರುಚಾಟ ಬಂತು. "ಕಣ್ಣಲ್ಲಿ ಮಣ್ಣು ತುಂಬಿದೆಯೇನ್ರೋ? ನಿಮ್ಮ ಮನೆ ಹಾಳಾಗ! ನಾಲ್ಕು ಮಕ್ಕಳ ತಂದೆ ನಾನು!" ಬೈಯುತ್ತ, ಬೈಯುತ್ತ, ಅವನ ದೋಣಿ ದೂರ ಸರಿಯಿತು.

ಫರಾಮರ್ಜ್ ಮೊದಲು ಮಂಜನ್ನು ಬೈದ. ಆಮೇಲೆ ನನ್ನ ಕಡೆ ತಿರುಗಿ, "ನೀನು ದೋಣಿ..." ಎಂದು ಶುರು ಮಾಡಿ ನಿಲ್ಲಿಸಿದ. ಕೋವಿ ಬಿಚ್ಚಿ ಖಾಲಿ ತೋಟೆ ತೆಗೆದ. ಕೋವಿಯನ್ನು ದೋಣಿಯ ತಳಕ್ಕೆ, ನೀರು ನಿಂತಿದ್ದಲ್ಲಿಗೇ ಇಟ್ಟ. ಆ ಕೋವಿಯನ್ನು ಅವನು ಒದ್ದೆ ಜಾಗದಲ್ಲಿ ಇಟ್ಟಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಷ್ಟು ದೂರ ಇದ್ದ?"

"ಮೂವತ್ತು ಹೆಜ್ಜೆ ಮಾವ."

"ಟೋಪಿ ಹಾಕಿದ್ನಾ?"

"ಹೂಂ."

ಅವನು ತಲೆ ತಗ್ಗಿಸಿ ಮಂಡಿಯ ಮೇಲಿನ ನೀರು ಒರೆಸಿಕೊಂಡ. ನರಿಮಾನನ ಅಂಗೈ ತರಚಿ ಕೆಂಪಾಗಿತ್ತು. ಅವನು ಅದನ್ನು ನೀರಲ್ಲಿ ಅದ್ದಿಕೊಂಡು ಮೆಲ್ಲಗೆ ನನ್ನನ್ನು ಕೇಳಿದ: "ನಿಮಗೆ ಗೊತ್ತಿತ್ತಾ ಕಾಕಾ?"

"ಎರಡು ವರ್ಷದಿಂದ."

"ನನಗೆ ಅಂಗಡಿಯಿಂದ" ಎಂದ ಅವನು. "ಮಾವನ ಮರ್ಯಾದೆ ಉಳಿಸಿದೆ ಅಂದ್ಕೊಂಡೆ."

ಅವನು ಸುಮ್ಮನಿದ್ದದ್ದು ಮಾವನ ಮಾನಕ್ಕಾಗಿ. ನಾನು ಸುಮ್ಮನಿದ್ದದ್ದು ಚಹಾದಂಗಡಿಯ ನಗೆಗಾಗಿ. ಆ ನಾಲ್ಕು ಮಕ್ಕಳ ತಂದೆಗೆ ಎರಡೂ ಒಂದೇ ಆಗುತ್ತಿತ್ತು. ಜೀವಮಾನವಿಡೀ ಫರಾಮರ್ಜ್‌ನನ್ನು ಹಗುರ ಮಾಡಿದ ನಾನು ಆ ಬೆಳಗ್ಗೆ ನನ್ನನ್ನು ಅವನ ಪಕ್ಕ ತೂಗಿ ನೋಡಿಕೊಂಡೆ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

"ಬಲಗಡೆಯಿಂದ" ಎಂದ ಫರಾಮರ್ಜ್ ಇದ್ದಕ್ಕಿದ್ದಂತೆ. "ಚಿಕ್ಕ ಬಾತು. ಆರೇಳು. ಏಳೋ ಪೆದ್ದ!"

ನಮಗೆ ಏನೂ ಕಾಣಲಿಲ್ಲ, ಕೇಳಿಸಲೂ ಇಲ್ಲ. ಮರುಕ್ಷಣ ಮಂಜು ಸೀಳಿಕೊಂಡು ಬಂದವು. ನರಿಮಾನ್ ಎದ್ದ. ಮೋಟು ಬುಡ ಕೋಟಿಗೆ ಸಿಕ್ಕದೆ ಭುಜಕ್ಕೆ ಬಂತು. ಒಂದು ಗುಂಡು, ಒಂದು ಬಾತು ನೀರಿಗೆ. ಇನ್ನೊಂದು ಗುಂಡು, ಏನೂ ಇಲ್ಲ.

"ಎರಡನೇದು ತಪ್ತು" ಎಂದ ಫರಾಮರ್ಜ್, ತಲೆ ಎತ್ತದೆ.

"ನಿಮಗೆ ಹೇಗೆ..."

"ಕಿವಿ ಇಲ್ವಾ ನಂಗೆ? ಎರಡು ಗುಂಡಿನ ನಡುವೆ ಮನೆಗೆ ಹೋಗಿ ಚಹಾ ಕುಡಿದು ಬಂದೆ. ಕೋವಿ ನಿಂತುಹೋಯ್ತು, ಬಾತು ನಿಲ್ಲತ್ತಾ? ತೂಗ್ತಾ ಇರಬೇಕು ಕಣೋ, ತೊಟ್ಟಿಲ ಹಾಗೆ. ತುಂಬು ಮತ್ತೆ."

ಆ ದಿನ ನರಿಮಾನ್ ಹನ್ನೊಂದು ತೋಟೆ ಸುಟ್ಟು ನಾಲ್ಕು ಬಾತು, ಒಂದು ನೀರುಕೋಳಿ ಹೊಡೆದ. ಪ್ರತಿ ಗುಂಡಿಗೂ ಒಂದು ಬೈಗುಳ ತಿಂದ.

ಕಣ್ಣಿನ ಶಸ್ತ್ರಚಿಕಿತ್ಸೆಗೆ ಫರಾಮರ್ಜ್ ಒಪ್ಪಿದ್ದು ವಸಂತದ ಹೊತ್ತಿಗೆ, ಅದೂ ಮೆಹ್ರಂಗಿಜ್ ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೇಲೆ. ಜಗಳ ಎರಡು ತಿಂಗಳು ನಡೆಯಿತು. ನಾನು ಈ ಸಲ ಮಗಳ ಕಡೆ ನಿಂತು, ಅವನೆದುರಿಗೇ, ಜೊಂಡಿನವನ ಕತೆಯನ್ನು ಬಿಡಿಸಿ ಹೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ನಿಂತೆ, ಒಳಗೆ ಹೋಗಲು ಮನಸ್ಸಾಗದೆ. ಅವನು ಮಂಚದ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎಷ್ಟೋ ವರ್ಷಗಳ ಮೇಲೆ ನಿಜವಾಗಿ ನೋಡಿದ.

"ಇದೇನೋ ಸಫರ್?" ಎಂದ. "ನಿನ್ನ ಹಲ್ಲೆಲ್ಲ ಎಲ್ಲಿ ಹೋದ್ವು? ಇಷ್ಟು ಮುದುಕ ಆಗಿದೀಯ, ಯಾರೂ ನಂಗೆ ಹೇಳಲೇ ಇಲ್ವಲ್ಲೋ."

ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.