ದೊಡ್ಡಮ್ಮನ ಹೆಸರಿನ ಇರುವೆ

ಅಲುಗಿತು, ಅಲ್ಲ, ಅಲುಗಿದ್ದು ನನ್ನ ಉಸಿರಿಗೆ, ಸತ್ತು ಮೂವತ್ತೊಂದು ವರ್ಷವಾದ ಇರುವೆ ತಾನಾಗಿ ಹೇಗೆ ಅಲುಗೀತು, ಸೂಜಿಯ ತುದಿ ಅದರ ಹೊಟ್ಟೆಗೆ ತಾಕಿದ್ದೇ ತಡ ಒಂದು ಕೂದಲು ಕಳಚಿ ಗಾಜಿನ ಮೇಲಿನ ನೀರಹನಿಗೆ ಬಿತ್ತು, ಹಳದಿ, ತುದಿ ದಪ್ಪ, ಪುಟ್ಟ ಗದೆಯ ಹಾಗೆ — ಈ ಗದೆಗೂದಲು ನೋಡಿಯೇ ತಾನೇ ದೊಡ್ಡಪ್ಪ ಇದು ಬೇರೆಯದೇ ಜಾತಿ ಎಂದು ಬರೆದದ್ದು, ದೊಡ್ಡಮ್ಮನ ಹೆಸರಿಟ್ಟದ್ದು, ಅವಳು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದದ್ದು, ಲೋಕದಲ್ಲಿ ಹೂವಿದೆ, ಚಿಟ್ಟೆ ಇದೆ, ಈ ಮಹಾನುಭಾವರಿಗೆ ನನ್ನ ಹೆಸರಿಡೋಕೆ ಸಿಕ್ಕಿದ್ದು ಮೈಯೆಲ್ಲ ಕೂದಲಿರೋ ಇರುವೆ — ಅವಳು ಹೋಗಿ ಆರು ವರ್ಷ, ಹೆಸರು ಈ ಪೆಟ್ಟಿಗೆಯ ಚೀಟಿಯಲ್ಲಿ, ದೊಡ್ಡಪ್ಪನ ಗುಂಡು ಅಕ್ಷರದಲ್ಲಿ, ಮಾಸಿದ ಚೀಟಿ ತೆಗೆದು ಹೊಸದು ಹಚ್ಚುವುದಷ್ಟೇ ನನ್ನ ಕೆಲಸ, ಸಂಗ್ರಹಾಲಯದ ಹೊಸ ಪಟ್ಟಿಗಾಗಿ, ಕೂದಲನ್ನು ದೊಡ್ಡದು ಮಾಡಿ ನೋಡು ಎಂದು ಯಾರೂ ಹೇಳಿರಲಿಲ್ಲ, ಕೈ ಸುಮ್ಮನಿರಬೇಕಲ್ಲ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ, ಕೂದಲೊಳಗೆ ಕೋಣೆಗಳು, ಒಂದರ ಮೇಲೊಂದು, ಬುಡದಲ್ಲಿ ಕಪ್ಪು ಪಾದ, ತುದಿಯ ಚೀಲದಲ್ಲಿ ಸಣ್ಣ ಸಣ್ಣ ಬೀಜಕಣ — ಕೂದಲಿಗೆಲ್ಲಿಯ ಬೀಜ, ಇದು ಬೂಷ್ಟು, ಬದುಕಿದ್ದ ಇರುವೆಯ ಮೈಗೆ ಪಾದ ಊರಿ, ಅದನ್ನು ಕೊಲ್ಲದೆ, ಅದರ ಜೊತೆಯೇ ಗೂಡೆಲ್ಲ ಸುತ್ತಿ, ಇನ್ನೊಂದು ಇರುವೆ ಮೈ ಉಜ್ಜಿದಾಗ ಅದಕ್ಕೂ ದಾಟಿಕೊಳ್ಳುವ ಬೂಷ್ಟು, ಎಷ್ಟು ಜಾಣ, ಎಷ್ಟು ಚೆಂದ, ಅಂದುಕೊಳ್ಳುತ್ತಿದ್ದಂತೆಯೇ ಹೊಳೆಯಿತು, ಕೆರೆದು ತೆಗೆದರೆ ಕೆಳಗಿರುವುದು ಹಿತ್ತಲಿನ ಮಾಮೂಲಿ ಇರುವೆ, ಬೇರೆ ಜಾತಿಯಿಲ್ಲ, ಜಾತಿಯಿಲ್ಲವೆಂದರೆ ಹೆಸರೂ ಇಲ್ಲ, ಪಟ್ಟಿಯಿಂದ ದೊಡ್ಡಮ್ಮನನ್ನು ನಾನೇ ತೆಗೆಯಬೇಕು, ನಾನು, ಅವರಿಬ್ಬರೂ ಸಾಕಿದವಳು — ಹನಿ ಒರೆಸಿಬಿಟ್ಟರೆ? ಪೆಟ್ಟಿಗೆ ಮುಚ್ಚಿದರೆ ಇನ್ನು ಮೂವತ್ತು ವರ್ಷ ಯಾರು ತೆರೆಯುತ್ತಾರೆ, ಬಟ್ಟೆ ಕೈಗೆ ಬಂದಿತ್ತು ಕೂಡ, ಅಷ್ಟರಲ್ಲಿ ಬಾಗಿಲು, ನಿವೃತ್ತಿಯಾದರೂ ದಿನಾ ಹನ್ನೊಂದಕ್ಕೆ ತಪ್ಪದ ದೊಡ್ಡಪ್ಪ, ಏನೇ ಮುಖ ಹೀಗಿದೆ, ಏನು ಬಿತ್ತು ಕಣ್ಣಿಗೆ, ನಾನು ಎದ್ದು ಕುರ್ಚಿ ಬಿಟ್ಟೆ, ನೀವೇ ನೋಡಿ ದೊಡ್ಡಪ್ಪ, ನಿಮ್ಮ ಇರುವೆಯ ಕೂದಲು, ಅವರು ಕನ್ನಡಕವನ್ನು ಹಣೆಗೇರಿಸಿ ಸೂಕ್ಷ್ಮದರ್ಶಕದ ಒಂಟಿ ಕೊಳವೆಗೆ ಕಣ್ಣು ಒತ್ತಿದರು, ತುಟಿ ಅಲುಗುತ್ತಿದೆ, ಕೋಣೆ ಎಣಿಸುತ್ತಿದ್ದಾರೆ, ಎಣಿಸಿ ಮುಗಿದರೂ ತಲೆಯೆತ್ತಲಿಲ್ಲ, ಬೂಷ್ಟು, ಅಂದರು ಕೊಳವೆಯೊಳಕ್ಕೇ, ಅವಳು ಆಗಲೇ ಹೇಳಿದ್ಲು ಕಣೇ, ಇದೇನ್ರೀ ಬೂಷ್ಟು ಹಿಡಿದಿರೋದನ್ನ ತಂದಿದ್ದೀರಿ ಅಂತ, ನಿನಗೇನು ಗೊತ್ತಾಗುತ್ತೆ ಸುಮ್ಮನಿರು ಅಂದುಬಿಟ್ಟೆ — ಕಣ್ಣು ತೆಗೆಯದೆಯೇ ಕೊಳವೆಯ ತಿರುಪು ತಿರುಗಿಸಿದರು — ಅಲ್ಲ, ಇರುವೆಗೆ ಇಷ್ಟು ಗಟ್ಟಿ ಕವಚ, ಈ ಬೂಷ್ಟು ಒಳಗಿಂದ ತಿನ್ನೋದಾದರೂ ಏನು, ಹೇಗೆ, ಇನ್ನೊಂದು ಕೀಳು, ಪಾದ ಮುರೀದ ಹಾಗೆ ಕೀಳು, ನೋಡಿಯೇಬಿಡೋಣ, ಆಮೇಲೆ ಹಿತ್ತಲಿನ ಇರುವೆ ಅಂತ ಚೀಟಿ ನಾನೇ ಬರೀತೀನಿ, ಎನ್ನುತ್ತ ತಲೆಯೆತ್ತಿದರು, ಒದ್ದೆಯಾದ ಕಣ್ಣಿನ ಸುತ್ತ ಕೊಳವೆ ಒತ್ತಿದ ಕೆಂಪು ಉಂಗುರ, ಹೂಂ ಕೀಳೇ, ಕೀಳಬೇಕು, ಸೂಜಿ ಕೈಯಲ್ಲೇ ಇದೆ, ಪಾದ ಮುರಿಯದ ಹಾಗೆ, ಆ ಉಂಗುರ, ಇರುವೆಯ ಹೊಟ್ಟೆಯ ಎಡಭಾಗದಿಂದ ಶುರು ಮಾಡಲೇ, ಉಂಗುರ, ಇನ್ನೂ ಮಾಸಿಲ್ಲ, ಕೆಂಪಗೆ, ಪೂರ್ತಿ ದುಂಡಗೆ, ಆ ಉಂಗುರ