ಸಣ್ಣ ಕಾಳಿನ ಮದ್ದು

ನಲವತ್ತು ವರ್ಷ ಕೋವಿ ರಿಪೇರಿ ಮಾಡಿದ ಸಿದ್ದರಾಜುವಿಗೆ ಮೊದಲ ಗುಂಡಿನ ಸದ್ದಿನಲ್ಲೇ ತನ್ನ ತಪ್ಪು ಕೇಳಿಸಿತ್ತು. ದಪ್ಪ ಕಾಳಿನ ಕರಿಮದ್ದು ತುಂಬಿದ ತೋಟಾ ‘ಧುಂ’ ಎಂದು ಎದೆಯಾಳದಿಂದ ಕೆಮ್ಮಿದ ಹಾಗೆ ಸಿಡಿಯುತ್ತದೆ. ಭುಜವನ್ನು ಗುದ್ದುವುದಿಲ್ಲ, ನೂಕುತ್ತದೆ. ಆ ಭಾನುವಾರ ಬೆಳಿಗ್ಗೆ ಇಲವಾಲದಾಚೆಯ ಮೈದಾನದ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಮೈತ್ರೇಯಿಯ ಕೋವಿ ‘ಛಟ್’ ಎಂದಿತು. ‘ನಿಲ್ಸವ್ವ’ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ದೂರದ ತಗಡಿನ ಡಬ್ಬಿ ಉರುಳಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಅವಳು ತಿರುಗಿ ಅವನನ್ನೇ ಹುಡುಕಿ ನಕ್ಕಳು. ತೆರೆದ ಬಾಯಿ ಮುಚ್ಚಿಕೊಂಡಿತು. ಮೊದಲೆರಡು ಗುಂಡು ಬಲ ನಳಿಗೆಯಿಂದ ಹಾರಿದ್ದವು, ಮೂರನೆಯದಕ್ಕೆ ಎಡ ನಳಿಗೆ ಬುಡದಲ್ಲೇ ಸೀಳಿತು. ಅವಳ ಎಡಗೈಯ ಎರಡು ಬೆರಳಿಗೆ ಒಂಬತ್ತು ಹೊಲಿಗೆ ಬಿದ್ದವು.

ಅದು ಒಂಟಿಕೊಪ್ಪಲಿನ ರಾಮಸ್ವಾಮಿಯವರ ಮನೆಯ ಕೋವಿ. ಅವರ ತಂದೆ ಅರಮನೆಯಲ್ಲಿ ಗುಮಾಸ್ತರಾಗಿದ್ದಾಗ ಇನಾಮಾಗಿ ಬಂದದ್ದು. ಮೊಟ್ಟೆಯನ್ನೂ ಮುಟ್ಟದ ಆ ಮನೆಯಲ್ಲಿ ಜೋಡುನಳಿಗೆಯ ಕೋವಿ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀರು ಸೇರುತ್ತಿತ್ತು. ರಾಮಸ್ವಾಮಿ ಸಾಯುವ ಮುಂಚೆ ಲೈಸೆನ್ಸನ್ನು ಮಗ ವಾಗೀಶನನ್ನು ಬಿಟ್ಟು ಮೊಮ್ಮಗಳ ಹೆಸರಿಗೆ ಮಾಡಿಸಿದರು. ದಟ್ಟಗಳ್ಳಿಯ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಮೈತ್ರೇಯಿ ಕೋವಿಯನ್ನು ಬೀರುವಿನಿಂದ ಹೊರಗೆ ತಂದಳು. ಹಿಡಿಯುವುದು, ತೊಳೆಯುವುದು, ಉಸಿರು ಬಿಟ್ಟು ಟ್ರಿಗರಿನ ಕುದುರೆ ಎಳೆಯುವುದು, ಎಲ್ಲವನ್ನೂ ಸಿದ್ದರಾಜುವೇ ಕಲಿಸಿದ. ಹಿತ್ತಾಳೆಯ ಹಳೆ ತೋಟಾಗಳನ್ನು ಅವಳಿಗಾಗಿ ತುಂಬಿಕೊಡುತ್ತಿದ್ದವನೂ ಅವನೇ.

ಸ್ಪರ್ಧೆಗೆ ಎರಡು ದಿನ ಇರುವಾಗ ದಪ್ಪ ಕಾಳಿನ ಮದ್ದು ಮುಗಿದಿತ್ತು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳಿಗೆಂದು ಇಟ್ಟಿದ್ದ ಸಣ್ಣ ಕಾಳಿನದು ಒಂದು ಡಬ್ಬಿ ಇತ್ತು. ‘ಮದ್ದಿಲ್ಲ ಕಣವ್ವ, ಈ ಸಲ ಬ್ಯಾಡ’ ಎಂದು ಫೋನು ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಮೂರು ತಿಂಗಳಿಂದ ಕಾದಿದ್ದಳು. ಅವನಿಗೂ ತನ್ನ ಕೈಯ ಮೇಲೆ ಹೆಮ್ಮೆ. ತೋಟಾದ ಬುಡವನ್ನು ಕತ್ತರಿಸಿ ತಂತಿಯ ಹಿಡಿ ಬೆಸೆದು ಮಾಡಿದ್ದ, ದಪ್ಪ ಕಾಳಿಗೆಂದೇ ಇದ್ದ ಅಪ್ಪನ ಕಾಲದ ಅಳತೆ ಬಟ್ಟಲಿನಲ್ಲೇ ಅಳೆದ. ಜಾಗ್ರತೆಗೆಂದು ಒಂದು ಚಿಟಿಕೆ ಕಮ್ಮಿ ಹಾಕಿದ. ಬನ್ಸಿ ರವೆ ಅಳೆದ ಲೋಟದಲ್ಲೇ ಚಿರೋಟಿ ರವೆ ಅಳೆದರೆ ಎರಡೂ ಒಂದೇ ತೂಕ ಬರುವುದಿಲ್ಲವೆಂದು ಅಡಿಗೆಯವರಿಗೂ ಗೊತ್ತು. ಸಣ್ಣ ಕಾಳು ಒತ್ತಾಗಿ ಕೂರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಉರಿದುಬಿಡುತ್ತದೆ. ಆ ರಭಸವನ್ನು ನೂರು ವರ್ಷದ ನಳಿಗೆ ತಡೆಯಬೇಕು. ಇದೆಲ್ಲ ಗೊತ್ತಿದ್ದವನೇ ‘ಏನಾಗಲ್ಲ’ ಅಂದುಕೊಂಡ.

ಆಸ್ಪತ್ರೆಯಲ್ಲಿ ಅವಳೇ ಮೊದಲು ಮಾತಾಡಿದಳು.

“ಸಿದ್ದರಾಜಣ್ಣ, ಹಿಂದಿನ ದಿನ ನಳಿಗೆ ಒರೆಸಿದೆನಲ್ಲ, ಒಂದು ಬಟ್ಟೆ ಚೂರು ಒಳಗೇ ಉಳಿದಿತ್ತು ಅನ್ಸುತ್ತೆ. ಎಡ ನಳಿಗೇದು ಆಚೆ ತೆಗೆದದ್ದು ನಂಗೆ ಜ್ಞಾಪಕಾನೇ ಇಲ್ಲ. ನನ್ನದೇ ತಪ್ಪಲ್ವಾ?”

ಅವಳ ತಲೆದಿಂಬಿನ ಪಕ್ಕ ಚಿಕ್ಕಪ್ಪ ವಾಗೀಶ ಕೈಕಟ್ಟಿ ನಿಂತಿದ್ದ. “ಇವಳ ಕೈಗೆ ಕೊಡಬೇಡಿ ಅಂತ ಅಪ್ಪನಿಗೆ ಬಡ್ಕೊಂಡೆ” ಎಂದ. ಸಿದ್ದರಾಜು “ಮೊದ್ಲು ಗಾಯ ವಾಸಿಯಾಗ್ಲಿ ಕಣವ್ವ” ಎಂದು ಎದ್ದು ಬಂದ.

ಹದಿನೆಂಟು ದಿನ ಕಳೆದವು. ಅಷ್ಟರಲ್ಲಿ ಅವಳು ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಲೈಸೆನ್ಸ್ ಬೇಡವೆಂದು ಬರೆದುಕೊಟ್ಟಳೆಂದು ತಿಳಿಯಿತು. ಅಂದು ಸಿದ್ದರಾಜು ತಟ್ಟೆಯ ಮುದ್ದೆಯನ್ನು ಮುರಿದು ಹಾಗೇ ಬಿಟ್ಟ.

“ನಿಮ್ಗೆ ಊಟ ಯಾಕ್ ಸೇರ್ತಿಲ್ಲ ಅಂತ ನಂಗೊತ್ತು,” ಎಂದಳು, ಅವನು ಸಣ್ಣ ಕಾಳು ತುಂಬುವುದನ್ನು ಕಂಡಿದ್ದ ಹೆಂಡತಿ ದೇವಿರಮ್ಮ. “ಓಗಿ ಯೋಳ್ಬುಡಿ. ಬೈದ್ರೆ ಬೈಸ್ಕಳಿ. ಬೈಗುಳ ಏನು ಮೈಗೆ ಅಂಟ್ಕತದಾ? ಆ ಎಣ್ಮಗ ತನ್ದೇ ತಪ್ಪು ಅನ್ಕಂಡು ಬಾಳ್ಬೇಕಾ?”

ಮರುದಿನವೇ ಒಗೆದ ಅಂಗಿ ಹಾಕಿಕೊಂಡು ಒಂಟಿಕೊಪ್ಪಲಿಗೆ ಹೋದ. ವಾಗೀಶ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಮೈತ್ರೇಯಿ ಬಲಗೈಯೊಂದರಲ್ಲೇ ಕಾಫಿ ತಂದುಕೊಟ್ಟಳು. ಸಿದ್ದರಾಜು ಲೋಟವನ್ನು ಮುಟ್ಟದೆ ಎಲ್ಲವನ್ನೂ ಹೇಳಿದ: ದಪ್ಪ ಕಾಳು ಮುಗಿದದ್ದು, ಸಣ್ಣ ಕಾಳು ತುಂಬಿದ್ದು, ಮೊದಲ ಸದ್ದಿಗೇ ಗೊತ್ತಾದರೂ ಸುಮ್ಮನಿದ್ದದ್ದು.

ವಾಗೀಶ ಪೇಪರು ಮಡಿಸಿದ. ಸಿಟ್ಟಾಗುವನೆಂದು ಸಿದ್ದರಾಜು ತಲೆ ತಗ್ಗಿಸಿ ಕಾದ. ವಾಗೀಶ ನಕ್ಕುಬಿಟ್ಟ.

“ಏನಯ್ಯ ಸಿದ್ದರಾಜು, ಇವಳನ್ನ ಉಳಿಸೋಕೆ ಈ ವಯಸ್ಸಲ್ಲಿ ಸುಳ್ಳು ಕಲ್ತ್ಯಾ?”

“ಅಂಗಲ್ಲ ಸಾರ್. ಬಟ್ಟೆ ಸಿಕ್ಕಾಕಂಡಿದ್ರೆ ನಳಿಗೆ ನಡೂಕೆ ಊದ್ಕಳೋದು. ಇದು ಬುಡದಲ್ಲಿ ಸೀಳೈತೆ.”

“ಬಟ್ಟೆ ಬುಡದ ಹತ್ರಾನೇ ಇತ್ತು ಅಂತಿಟ್ಕೋ. ಆಯ್ತು, ಉಳಿದ ತೋಟಾ ಇರಬೇಕಲ್ಲ? ಒಂದು ಬಿಚ್ಚಿ ತೋರ್ಸು. ನಾನೇ ಇವಳ ಕಾಲಿಗೆ ಬೀಳ್ತೀನಿ.”

ಉಳಿದಿದ್ದವು ಏಳು. ಆಸ್ಪತ್ರೆಯಿಂದ ಬಂದ ಸಂಜೆಯೇ ಅಷ್ಟನ್ನೂ ಬಿಚ್ಚಿ, ಡಬ್ಬಿಯಲ್ಲಿದ್ದ ಮದ್ದನ್ನೂ ಸೇರಿಸಿ ಬಕೆಟ್ಟಿನ ನೀರಿಗೆ ಸುರಿದಿದ್ದ. ಯಾರಿಗೂ ಅಪಾಯವಾಗದಿರಲಿ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ತಪ್ಪು ಹೊರಬಿದ್ದು ಕೋವಿಯ ಕೆಲಸ ಹೋದೀತೆಂಬ ಭಯದಲ್ಲಿ ಸುರಿದದ್ದೆಂದು ಈಗ, ವಾಗೀಶನ ಮುಖ ನೋಡುತ್ತಾ, ಅವನಿಗೆ ಸ್ಪಷ್ಟವಾಯಿತು.

“ಇಲ್ಲ ಸಾರ್. ನೀರ್ಗಾಕ್ಬುಟ್ಟೆ.”

“ನೋಡಿದ್ಯೇನೇ?” ಎಂದ ವಾಗೀಶ ಮೈತ್ರೇಯಿಯ ಕಡೆ ತಿರುಗಿ. “ಒಳ್ಳೇ ಮನುಷ್ಯ ಪಾಪ. ಸುಳ್ಳು ಹೇಳೋಕೂ ಬರಲ್ಲ.” ಮತ್ತೆ ಪೇಪರು ಬಿಡಿಸಿದ.

ಮೈತ್ರೇಯಿ ಗೇಟಿನವರೆಗೂ ಜೊತೆಗೆ ಬಂದಳು. ಅವಳ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

“ತಾತ ಹೋದಮೇಲೆ ಚಿಕ್ಕಪ್ಪನ ಮುಂದೆ ನನ್ನ ಪರ ಯಾರೂ ಇಷ್ಟು ಮಾತಾಡಿರಲಿಲ್ಲ ಸಿದ್ದರಾಜಣ್ಣ.”

“ಪರ ಅಲ್ಲ ಕಣವ್ವ. ನಿಜ ಯೋಳ್ತಿವ್ನಿ. ನೀನಾದ್ರೂ ನಂಬು.”

ಅವಳಿಗೆ ನಂಬಲು ಆಸೆಯಿತ್ತೇನೋ, ಮುಖ ಅರೆಗಳಿಗೆ ಹಗುರಾದಂತೆ ಕಂಡಿತು. ಆಮೇಲೆ ಅವಳೇ ಅಲ್ಲವೆಂದು ತಲೆಯಾಡಿಸಿದಳು.

“ನಿಜ ಆಗಿದ್ದಿದ್ರೆ ಆಸ್ಪತ್ರೇಲೇ ಹೇಳ್ತಿದ್ರಿ. ನಾನು ಅಳ್ತಾ ಇದ್ದೆ. ಅದನ್ನ ನೋಡ್ಕೊಂಡು ನೀವು ಸುಮ್ನಿರ್ತಿದ್ರಾ? ನಿಮ್ಮನ್ನ ನಂಗೆ ಗೊತ್ತಿಲ್ವಾ?”

“ಎದರ್ಕಂಡಿದ್ದೆ ಕಣವ್ವ.”

“ನೀವಾ?” ಎಂದು ಮೈತ್ರೇಯಿ ನಕ್ಕಳು. “ಬಿಸಿಲು ಜಾಸ್ತಿ ಇದೆ, ಆಟೋದಲ್ಲಿ ಹೋಗಿ” ಎಂದು ಹೇಳಿ ಗೇಟು ಹಾಕಿಕೊಂಡಳು.